ಮುಟ್ಟದೆ ಕಾಯುವ ಕುರಿಗಾಹಿ

ನೆನೆದ ಉಣ್ಣೆಯ ವಾಸನೆ...

ಅದು ಅಪ್ಪನ ಕಂಬಳಿಯ ವಾಸನೆ. ಸ್ಪೇನಿನ ಸೋರಿಯಾ ಸೀಮೆಯ ಗುಡ್ಡಗಳಿಂದ ಸಂಜೆ ಮಂದೆ ಇಳಿದು ಬಂದಾಗ, ಪುಟ್ಟ ಕಸಿಲ್ದಾ ಆ ಒದ್ದೆ ಕಂಬಳಿಯೊಳಗೇ ನುಸುಳಿ ಕೂರುತ್ತಿದ್ದಳು.

ಮ್ಯಾಡ್ರಿಡ್‌ನ ಪ್ರಯೋಗಾಲಯಕ್ಕೆ ಎಂಜಿನಿಯರಾಗಿ ಸೇರಿದ ಮೊದಲ ದಿನ ಅದೇ ವಾಸನೆ ಮೂಗಿಗೆ ಬಡಿದು ಗಕ್ಕನೆ ನಿಂತಳು. ಮಳೆಯಲ್ಲಿ ತೊಯ್ದ ಸ್ವೆಟರಿನ ಯುವಕನೊಬ್ಬ ಅಡ್ಡ ಬಂದ.

"ನಿಲ್ಲಿ! ಕುರಿಗಾಹಿನ ಯಾರೂ ಮುಟ್ಟೋ ಹಾಗಿಲ್ಲ!"

ಅವಳ ಮುಖ ಕೆಂಪಾಯಿತು. ಕಾಲೇಜಿನಲ್ಲಿ 'ಕುರಿಗಾಹಿ ಮಗಳು' ಎಂದು ಮೂಗು ಮುಚ್ಚಿಕೊಂಡವರು ನೆನಪಾದರು. ಇಲ್ಲೂ ಅದೇನಾ?

"ಹೌದ್ರೀ, ನಮ್ಮಪ್ಪ ಕುರಿಗಾಹಿನೇ! ಮುಟ್ಟಿದ್ರೆ ನಿಮ್ಮ ಕೈಯೇನು ಸವೆದು ಹೋಗುತ್ತಾ?"

ಅವನು ಕಣ್ಣು ಕಣ್ಣು ಬಿಟ್ಟ. ಗಾಜಿನ ಆಚೆಗಿದ್ದ ಯಂತ್ರ ತೋರಿಸಿದ. "ಅಯ್ಯೋ... ಅದರ ಹೆಸರು ಕುರಿಗಾಹಿ!"

ಅವನೇ ಟೆಲ್ಮೊ.

"ಆಕಾಶದಲ್ಲಿ ಕೆಟ್ಟು ಅಲೆಯೋ ಉಪಗ್ರಹಗಳೇ ಇದರ ಕುರಿಗಳು. ಅಯಾನುಗಳ ಧಾರೆ ಬಿಟ್ಟು, ಮುಟ್ಟದೇನೇ ದಾರಿಗೆ ತರುತ್ತೆ. ಭೂಮಿ ಕಡೆ ಬರೋ ಕ್ಷುದ್ರಗ್ರಹವನ್ನೂ ಒಂದಿನ ಸರಿಸಬಹುದು."

"ತಳ್ಳಿದ ರಭಸಕ್ಕೆ ತಾನೇ ಹಿಂದೆ ಹೋಗದ ಹಾಗೆ ಬೆನ್ನಿಗೊಂದು ಎಂಜಿನ್... ಅಲ್ವಾ?"

"ಹೂಂ. ತೀರಾ ಹತ್ರ ಹೋದ್ರೆ ಡಿಕ್ಕಿ. ದೂರವಾದ್ರೆ ಹಿಡಿತ ತಪ್ಪುತ್ತೆ. ಆ ಅಂತರ ಕಾಯೋದೇ ಇದರ ಕೆಲಸ."

"ನಮ್ಮಪ್ಪಂದೂ ಅದೇ ಕೆಲಸ," ಎಂದು ಅವಳು ನಕ್ಕುಬಿಟ್ಟಳು.

ಪ್ರೀತಿ ಶುರುವಾದದ್ದು ಆ ನಗುವಿನಿಂದಲೇ.

ಆದರೆ ಚಳಿಗಾಲದ ಹೊಸ್ತಿಲಲ್ಲಿ ಅಪ್ಪ ಹಾಸಿಗೆ ಹಿಡಿದರು. ಊರಿಗೆ ಓಡಿದ ಕಸಿಲ್ದಾ ದಿನದಿನಕ್ಕೂ ಕುಗ್ಗಿದಳು.

"ನಾನೂ ಬರ್ಲಾ?" ಟೆಲ್ಮೊ ಫೋನಿನಲ್ಲಿ ಕೇಳಿದ.

"ಬೇಡ! ನಂಗೆ ಯಾರೂ ಬೇಡ!"

"ಸರಿ... ದೂರಾನೇ ಇರ್ತೀನಿ."

ಆಮೇಲೆ ಫೋನೇ ಇಲ್ಲ. ಇಷ್ಟೇನಾ ಇವನ ಪ್ರೀತಿ?

ಅಪ್ಪ ಹೋದರು. ಮಣ್ಣಿಗೂ ಅವನು ಬರಲಿಲ್ಲ. ಶವಪೆಟ್ಟಿಗೆಯ ಮೇಲೆ ಮಣ್ಣು ಬೀಳುತ್ತಿದ್ದಂತೆ ಅವಳು ನಿಶ್ಚಯಿಸಿದಳು. ಇನ್ನು ಮ್ಯಾಡ್ರಿಡ್ ಬೇಡ, ಟೆಲ್ಮೊನೂ ಬೇಡ...

ಆಗಲೇ ಚಿಕ್ಕಪ್ಪ ಯುತಿಮಿಯೊ ಕಣ್ಣಿಗೆ ಬಿದ್ದರು. ಟೋಪಿ ಕೈಯಲ್ಲಿ ಹಿಡಿದು ಮಗುವಿನಂತೆ ಅಳುತ್ತಿದ್ದರು.

ಅವಳಿಗೆ ಗಾಬರಿಯಾಯಿತು. ಯಜಮಾನನನ್ನು ಮಣ್ಣು ಮಾಡುವ ದಿನವೂ ಮಂದೆ ಹಸಿದಿರಬಾರದು ಎಂಬುದು ಅವರ ಮನೆಯ ಪದ್ಧತಿ. ಮನೆಯವರೊಬ್ಬರು ಗುಡ್ಡದಲ್ಲೇ ಉಳಿಯಬೇಕು. ಈ ಸಲ ಅದು ಚಿಕ್ಕಪ್ಪನ ಪಾಲಿಗೆ ಬಂದಿತ್ತು.

"ಚಿಕ್ಕಪ್ಪ, ನೀವಿಲ್ಲಿ? ಕುರಿ ಹತ್ರ ಯಾರಿದ್ದಾರೆ?"

"ನಿನ್ನ ಮ್ಯಾಡ್ರಿಡ್ ಹುಡುಗ, ಮಗಳೇ. ಬೆಳಿಗ್ಗೆ ಗುಡ್ಡ ಹತ್ತಿ ಬಂದು 'ನೀವು ಅಣ್ಣನ ಮುಖ ನೋಡಿ ಬನ್ನಿ' ಅಂದ. ಮನೆಯವರೇ ಇರ್ಬೇಕಪ್ಪಾ ಅಂದೆ. 'ಹಾಗಾದ್ರೆ ನನ್ನನ್ನೂ ಮನೆಯವನು ಅಂದ್ಕೊಳ್ಳಿ' ಅಂದ... ನಾಯಿ ಕಂಡ್ರೆ ನಡುಗ್ತಾನೆ, ಪಾಪ!"

ಮಣ್ಣು ಮುಗಿದದ್ದೇ ಕಸಿಲ್ದಾ ಹೊರಟಳು.

ಮನೆಗೆ ಹೋಗಿ, ಅಪ್ಪ ಗುಡ್ಡಕ್ಕೆ ಒಯ್ಯುತ್ತಿದ್ದ ಮಿಗಾಸ್ ಮಾಡಿದಳು. ಒಣ ಬ್ರೆಡ್ಡಿನ ಚೂರುಗಳನ್ನು ಬೆಳ್ಳುಳ್ಳಿ ಎಣ್ಣೆಯಲ್ಲಿ ಹುರಿದು, ಡಬ್ಬಿಗೆ ತುಂಬಿ ಮಂಜಿನಲ್ಲೇ ಗುಡ್ಡ ಹತ್ತಿದಳು.

ನೆನೆದ ಉಣ್ಣೆಯ ವಾಸನೆ ಮೊದಲು ಬಂತು. ಚಿಕ್ಕಪ್ಪ ಕೊಟ್ಟಿದ್ದ ಅಪ್ಪನ ಕಂಬಳಿ ಹೊದ್ದು ಬಂಡೆಯ ಮೇಲೆ ಕಾಲು ಮಡಚಿ ಕೂತಿದ್ದ ಟೆಲ್ಮೊ. ಕೆಳಗೆ ನಾಯಿ ಆರಾಮಾಗಿ ಮಲಗಿತ್ತು.

"ಇದು... ಕಚ್ಚುತ್ತಾ?" ಮೆಲ್ಲಗೆ ಕೇಳಿದ.

ಅಷ್ಟು ದಿನಗಳಲ್ಲಿ ಮೊದಲ ಬಾರಿ ಅವಳ ತುಟಿ ಅರಳಿತು. ಮರುಕ್ಷಣವೇ ಅಳು ಉಕ್ಕಿತು.

"ಎಲ್ಲಿದ್ದೆ ಇಷ್ಟು ದಿನ?"

"ಕೆಳಗಿನ ಊರಲ್ಲಿ. ನಿನ್ನ ಕಿಟಕಿ ದೀಪ ಕಾಣೋ ಕೋಣೆ ಹಿಡಿದಿದ್ದೆ. ನೀನು ಬೇಡ ಅಂದಿದ್ದೆ... ಹತ್ರ ಬಂದು ನೋಯಿಸ್ಬಾರ್ದು, ಬಿಟ್ಟು ಹೋಗೋಕೂ ಆಗಲ್ಲ. ಪ್ರೀತಿಸ್ತೀನಿ ಕಸಿಲ್ದಾ."

"ನಿನ್ನನ್ನೂ ಕಳ್ಕೊಂಡೆ ಅಂದ್ಕೊಂಡಿದ್ದೆ ಕಣೋ..."

"ಇನ್ನೂ ದೂರ ಇರ್ಬೇಕಾ?"

"ಸ್ವಲ್ಪ ಪಕ್ಕಕ್ಕೆ ಸರ್ಕೋ. ನಂಗೂ ಜಾಗ ಬಿಡು."

ಕಂಬಳಿಯೊಳಗೆ ನುಸುಳಿ ಕೂತಳು. ಮಂಜಿನಲ್ಲೆಲ್ಲೋ ಕುರಿಗಳ ಗಂಟೆ ಸದ್ದು. ಅಪ್ಪ ಮಾತ್ರ ಇನ್ನು ಬರುವುದಿಲ್ಲ.

ಬಿಸಿ ಡಬ್ಬಿಯ ಮುಚ್ಚಳ ತೆಗೆದು, ಅಪ್ಪನ ಚಮಚ ಒರೆಸಿ, ಎರಡನ್ನೂ ಅವನ ಮರಗಟ್ಟಿದ ಕೈಗಳಲ್ಲಿಟ್ಟಳು.