ಹದಿನೈದನೇ ಕಾರ್ಡು

ಹದಿನಾಲ್ಕು ಕಾರ್ಡು ಮಾಯ!

ಬೆಳಿಗ್ಗೆ ಒಂಬತ್ತಕ್ಕೆ ಕೆಲಸದ ಕೋಣೆಯ ಬೀಗ ತೆಗೆದ ಟೈಪಿಸ್ಟು ಅದನ್ನು ಮೊದಲು ಕಂಡಳು, ಮೊದಲು ಕೂಗಿಕೊಂಡಳು. ಪಾಪ, ಕೂಗಿದ್ದೇ ತಪ್ಪಾಯಿತು. ಮೇಷ್ಟ್ರು ಮೂವತ್ತು ವರ್ಷ ಕೂತು ಕಟ್ಟಿದ ಗಂಡು ಹೆಸರುಗಳ ನಿಘಂಟು ಅದು. ಯಾವ ಹೆಸರು ಎಲ್ಲಿ ಹುಟ್ಟಿತು, ಯಾವ ಭಾಷೆಗೆ ಹೋಗಿ ಏನಾಯಿತು ಎಲ್ಲ ಆ ಕಾರ್ಡುಗಳಲ್ಲೇ. ಅವತ್ತು ಹನ್ನೆರಡಕ್ಕೆ ಅಚ್ಚಿಗೆ ಹೋಗಬೇಕಿತ್ತು. ಮೇಷ್ಟ್ರಿಗೆ ಈ ಗಲಾಟೆ ಗೊತ್ತಿಲ್ಲ. ಲಕ್ವ ಹೊಡೆದು ಮೂರು ವಾರ, ನಾಲಿಗೆ ಬಿದ್ದುಹೋಗಿ ಒಳಕೋಣೆಯಲ್ಲಿ ಮಲಗಿದ್ದರು.

ಕಾರ್ಡು ಒಯ್ಯಲು ಅಚ್ಚುಕೂಟದಿಂದ ಬಂದವಳು ಭೂತಗನ್ನಡಿ. ಪ್ರೂಫ್ ನೋಡುವುದು ಅವಳ ಕೆಲಸ. ಅಲ್ಪವಿರಾಮ ಜಾರಿದರೂ ಹಿಡಿಯುತ್ತಾಳೆಂದು ಅಚ್ಚುಕೂಟದವರು ಇಟ್ಟ ಅಡ್ಡಹೆಸರು. ಮುಖದ ಮೇಲೇ ಕರೆದರೂ ಅವಳಿಗೆ ಬೇಜಾರಿಲ್ಲ.

"ಇದರಲ್ಲಿ ನೋಡೋದೇನಿದೆ?" ಎಂದರು ಮೇಷ್ಟ್ರ ತಮ್ಮ, ಟೈಪಿಸ್ಟಿನತ್ತ ಬೆರಳು ತೋರಿಸಿ. "ಬೀಗದ ಕೈ ಇವಳ ಚೀಲದಲ್ಲಿ. ನಿನ್ನೆ ಕೊನೆಗೆ ಹೋದವಳೂ ಇವಳೇ. ಹನ್ನೆರಡರೊಳಗೆ ಕಾರ್ಡು ಬರದಿದ್ದರೆ ಪೊಲೀಸ್, ಅಷ್ಟೇ."

ಟೈಪಿಸ್ಟಿನ ಕಣ್ಣಲ್ಲಿ ನೀರಾಡಿತು. "ನಾನು ಮುಟ್ಟಿಲ್ಲ. ಕಳ್ಳಿ ಅಂತ ಒಂದ್ಸಲ ಹೆಸರು ಕೆಟ್ಟರೆ ನನಗೆ ಯಾರು ಕೆಲಸ ಕೊಡ್ತಾರೆ? ಮನೇಲಿ ಹಾಸಿಗೆ ಹಿಡಿದ ಅಮ್ಮ ಇದಾರೆ."

ಗಡಿಯಾರ ಹತ್ತು ತೋರಿಸುತ್ತಿತ್ತು. ಮೇಷ್ಟ್ರ ಹೆಂಡತಿ ಹಾಲಿನ ಲೋಟ ಹಿಡಿದು ಬಾಗಿಲ ತನಕ ಬಂದರು, ಏನೋ ಹೇಳುವವರಂತೆ ನಿಂತರು, ಮತ್ತೆ ಒಳಕೋಣೆಗೆ ಹೋದರು. ಮನೆಯಲ್ಲಿ ಅವರನ್ನು ಎಲ್ಲರೂ ಅಮ್ಮ ಅಂತಲೇ ಕರೆಯುವುದು.

"ಯಾವ ಯಾವ ಕಾರ್ಡು?" ಭೂತಗನ್ನಡಿ ಮೇಷ್ಟ್ರ ಮಗಳನ್ನು ಕೇಳಿದಳು.

ಮಗಳು ಪಟ್ಟಿ ಬಿಡಿಸಿದಳು. ಅವಳೇ ಬರೆದ ಪಟ್ಟಿ, ಮೊನ್ನೆ ಚಿಕ್ಕಪ್ಪ ಕಾರ್ಡುಗಳ ಜೊತೆ ತಾಳೆ ನೋಡಿ ಗುರುತು ಹಾಕಿದ್ದು. "ಇವಾನ್, ಇಯಾನ್, ಜಾನ್, ಯಾಹ್ಯಾ, ಹಾನ್ಸ್... ಒಂದೊಂದು ದೇಶದ ಬಾಯಲ್ಲಿ ಒಂದೊಂದು ಥರ. ಬೇರು ಒಂದೇ, ಯೋಹಾನ. ದೇವರು ಕರುಣೆ ತೋರಿದ ಅಂತ ಅರ್ಥ. ಒಟ್ಟು ಹದಿನೈದು. ಸೀನ್ ಅನ್ನೋದೊಂದು ಮಾತ್ರ ಉಳಿದಿದೆ." ಅವಳು ಪಟ್ಟಿ ಮಡಿಸಿದಳು. "ನನ್ನ ತಮ್ಮನ ಹೆಸರೂ ಇವುಗಳಲ್ಲೇ ಒಂದು. ಹನ್ನೊಂದು ವರ್ಷಕ್ಕೆ ಹೊಳೆಯಲ್ಲಿ ಹೋದ. ಆಮೇಲೆ ಈ ಮನೇಲಿ ಆ ಹೆಸರು ಎತ್ತೋಕೆ ಅಪ್ಪ ಬಿಡಲಿಲ್ಲ."

"ಹಳೇ ಕಥೆ ಯಾಕಮ್ಮ ಈಗ?" ಚಿಕ್ಕಪ್ಪ ಗದರಿದರು.

ಭೂತಗನ್ನಡಿ ಡ್ರಾಯರುಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅಕ್ಷರಕ್ಕೊಂದು ಡ್ರಾಯರು. ಒಳಗೆ ಕಾರ್ಡುಗಳ ತೂತು ಪೋಣಿಸಿ ಹಾದ ಹಿತ್ತಾಳೆ ಸರಳು. ಅದನ್ನು ಎಳೆಯದೆ ಒಂದು ಕಾರ್ಡೂ ಹೊರಬರದು. ಐದು ಡ್ರಾಯರುಗಳ ಸರಳು ಮಾತ್ರ ಪೂರ್ತಿ ಒಳಗೆ ಹೋಗದೆ ಉಳಿದಿತ್ತು.

"ಇ, ಜ, ಯ, ಹ — ಈ ನಾಲ್ಕರ ಸರಳು ಎಳೆದಿದ್ದಾರೆ. ಸರಿ. ಈ ಐದನೇದು ಯಾಕೆ ಎಳೆದಿದ್ದಾರೆ?"

"ಶ? ಅದರಲ್ಲಿ ಒಂದೂ ಕಳೆದಿಲ್ಲವಲ್ಲ," ಎಂದರು ಚಿಕ್ಕಪ್ಪ.

"ಅದಕ್ಕೇ ಕೇಳಿದ್ದು."

ಅವಳು ಸ ಅಕ್ಷರದ ಡ್ರಾಯರಿನಿಂದ ಸೀನ್ ಕಾರ್ಡು ತೆಗೆದಳು. ಮೂಲೆಯಲ್ಲಿ, ಹೋದ ವಾರ ಕಾರ್ಡು ನೋಡಲು ಬಂದಾಗ ತಪ್ಪೆಂದು ಅವಳೇ ಹಾಕಿದ್ದ ಪೆನ್ಸಿಲ್ ಸುತ್ತು. "ಇದು ನಿನ್ನ ಕೈಚಳಕ ತಾನೇ?"

ಟೈಪಿಸ್ಟು ತಲೆ ತಗ್ಗಿಸಿದಳು. "ಮೇಷ್ಟ್ರು ಎಸ್, ಇ, ಎ, ಎನ್ ಅಂತ ಬರೆದುಕೊಟ್ಟಿದ್ರು. ಇದ್ದ ಹಾಗೆ ಓದಿ ಸೀನ್ ಅಂತ ಹೊಡೆದೆ."

"ಐರ್ಲೆಂಡಿನವರ ಬಾಯಲ್ಲಿ ಅದು ಶಾನ್, ತಾಯಿ. ಸೀನಿದರೆ ಬರೋ ಹೆಸರಲ್ಲ." ಭೂತಗನ್ನಡಿ ಎದ್ದು ನಿಂತಳು. "ಆದರೆ ನಿನ್ನ ತಪ್ಪೇ ಇವತ್ತು ನಿನ್ನನ್ನು ಕಾಪಾಡ್ತು."

"ಅಂದರೆ?"

"ತೆಗೆದವರು ಶಾನ್ ಅನ್ನೋ ಹೆಸರನ್ನ ಶ ದಲ್ಲಿ ಹುಡುಕಿದ್ದಾರೆ, ಸಿಕ್ಕಿಲ್ಲ. ನೀನಾಗಿದ್ದರೆ ನೇರ ಸ ಕ್ಕೆ ಹೋಗ್ತಿದ್ದೆ, ಹೊಡೆದವಳು ನೀನೇ. ಪಟ್ಟಿ ಬರೆದ ಮಗಳೂ ಅಷ್ಟೇ. ಮೊನ್ನೆ ಪಟ್ಟಿಗೆ ತಾಳೆ ನೋಡಿದ ನೀವೂ ಅಷ್ಟೇ, ಸ್ವಾಮಿ. ಇದು ಈ ಹೆಸರುಗಳನ್ನ ಕಣ್ಣಲ್ಲಿ ಕಂಡವರ ಕೆಲಸವಲ್ಲ, ಕಿವಿಯಲ್ಲಿ ಕೇಳಿದವರದು. ಮೇಷ್ಟ್ರು ಕಾರ್ಡುಗಳನ್ನ ಯಾರಿಗಾದರೂ ಓದಿ ಹೇಳ್ತಿದ್ದರಾ?"

ಮಗಳ ಮುಖ ಬಿಳಿಚಿತು. "ದಿನಾ ಸಂಜೆ... ಅಮ್ಮನಿಗೆ. ಅವರು ಬಟ್ಟೆ ಮಡಿಸ್ತಾ ಕೇಳೋರು. ಆದರೆ ಅಮ್ಮ ಈ ಕೋಣೆಗೆ ಕಾಲಿಟ್ಟವರೇ ಅಲ್ಲ."

"ಮೇಷ್ಟ್ರ ಬೀಗದ ಕೈ?"

"ಅವರ ಕೋಟಿನ ಜೇಬಲ್ಲಿ. ಕೋಟು ಒಳಕೋಣೆ ಗೂಟದಲ್ಲಿ."

ಮಗಳು ಒಳಕೋಣೆಯತ್ತ ಹೊರಟಳು. ಉಳಿದವರು ಅವಳ ಹಿಂದೆ ನಡೆದರು.

ಒಳಕೋಣೆಯಲ್ಲಿ ಔಷಧಿಯ ವಾಸನೆ. ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದರು. ಎಲ್ಲರೂ ಒಟ್ಟಿಗೆ ಬಂದದ್ದನ್ನು ನೋಡಿ, ಯಾರೂ ಕೇಳುವ ಮೊದಲೇ ದಿಂಬಿನಡಿಯಿಂದ ಕಾರ್ಡಿನ ಕಟ್ಟು ತೆಗೆದರು. ಮೊದಲು ನೋಡಿದ್ದು ಟೈಪಿಸ್ಟನ್ನು.

"ನಿನ್ನ ತಲೆಗೆ ಕಟ್ತಾರೆ ಅಂತ ನನಗೆ ಹೊಳೀಲಿಲ್ಲ ಮಗಳೇ. ಹೇಳೋಣ ಅಂತ ಬಾಗಿಲ ತನಕ ಬಂದೆ, ಬಾಯಿ ಬರಲಿಲ್ಲ. ತಪ್ಪಾಯ್ತು."

"ಯಾಕಮ್ಮ ಹೀಗೆ ಮಾಡಿದೆ?" ಮಗಳು ಕೇಳಿದಳು.

"ನಿಮ್ಮಪ್ಪ ಅವನ ಹೆಸರು ಎತ್ತಲಿಲ್ಲ ನಿಜ. ಆದರೆ ವಾರಕ್ಕೊಂದ್ಸಲ ಇವಿಷ್ಟನ್ನೂ ತಂದು ಓದೋರು. ಅಲ್ಲಿ ಹೀಗೆ ಕರೀತಾರೆ, ಇಲ್ಲಿ ಹೀಗೆ ಕರೀತಾರೆ ಅಂತ. ನಾವಿಬ್ಬರೂ ಮಗನ್ನ ಕರೀತಿದ್ದದ್ದು ಹಾಗೇ. ಈಗ ಅವರಿಗೆ ನಾಲಿಗೆ ಇಲ್ಲ, ನಾನು ಓದಬೇಕಲ್ಲ? ಅಚ್ಚಿಗೆ ಹೋದ ಕಾರ್ಡು ವಾಪಸ್ ಬರಲ್ಲ ಅಂದ್ರು." ಅವರು ಕಟ್ಟನ್ನು ಇನ್ನೊಮ್ಮೆ ಎಣಿಸಿದರು. "ಹದಿನೈದಿರಬೇಕು. ಒಂದು ಸಿಕ್ಕಲೇ ಇಲ್ಲ. ನಿನ್ನೆ ಸಂಜೆ ಇವರು ಅದಕ್ಕೇ ಕಾಯ್ತಾ ಇದ್ರು."

ಭೂತಗನ್ನಡಿ ಪೆನ್ಸಿಲ್ ತೆಗೆದಳು. ಕೈಯಲ್ಲಿದ್ದ ಕಾರ್ಡಿನ ಮೇಲೆ ಸೀನ್ ಎಂಬುದಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ದುಂಡಗೆ ಶಾನ್ ಎಂದು ಬರೆದು ಕೊಟ್ಟಳು. "ಇವು ನಿಮ್ಮ ಹತ್ತಿರಾನೇ ಇರಲಿ ಅಮ್ಮ. ಅಚ್ಚಿಗೆ ನಕಲು ಸಾಕು."

ಟೈಪಿಸ್ಟು ಕಣ್ಣೊರೆಸಿಕೊಂಡು ಯಂತ್ರವನ್ನು ಅಲ್ಲಿಗೇ ಎತ್ತಿ ತಂದಳು. ಚಿಕ್ಕಪ್ಪ ಅವಳಿಗೆ ಕುರ್ಚಿ ಎಳೆದುಕೊಟ್ಟರು. ಕ್ಷಮೆ ಕೇಳಲು ಅವರಿಗೆ ಬಂದದ್ದು ಅಷ್ಟೇ. ಅಮ್ಮ ಮೇಷ್ಟ್ರ ಕಿವಿಯ ಹತ್ತಿರ ಬಾಗಿ ಒಂದೊಂದಾಗಿ ಓದತೊಡಗಿದರು. ಅವಳು ಕೇಳಿಸಿಕೊಂಡು ಹೊಡೆಯುತ್ತ ಹೋದಳು. ಹದಿನೈದನೆಯದು ಮುಗಿದಾಗ ಮೇಷ್ಟ್ರು ಕಣ್ಣು ತೆರೆದು ಹೆಂಡತಿಯನ್ನೇ ನೋಡಿದರು. ಅವರ ತುಟಿ ಅಲುಗಿತು, ದನಿ ಬರಲಿಲ್ಲ.

ಅಮ್ಮ ಕಾರ್ಡುಗಳನ್ನು ಕೆಳಗಿಟ್ಟು ಮಗನ ಹೆಸರು ಹೇಳಿದರು, ಊಟಕ್ಕೆ ಕರೆಯುವ ಹಾಗೆ. ಟೈಪಿಸ್ಟು ಅದನ್ನು ಹೊಡೆಯಲಿಲ್ಲ.