ಐದು ಮಾರು ಏರಿ

“ಅಲ್ಲಿ ಇನ್ನಾ ಒಂದು ಎಳಿ ಉಳದದ ನೋಡು,” ಅಂದಳು ಹಣಮಮ್ಮ. ತಾನೇ ಹೋಗಿ ಕುರ್ಪಿಯಿಂದ ಆ ಒಂದು ಎಳೆ ಕರಕಿ ಹುಲ್ಲನ್ನೂ ಬೇರು ಸಮೇತ ಕಿತ್ತು ಒಗೆದಳು.

ಮೂರು ದಿನದಿಂದ ಬೆಳಗಿನ ಸಾಲಿ ಬಿಟ್ಟ ಕೂಡಲೇ ಅವಳು ಕೆರೆ ಏರಿಗೆ ಬರುತ್ತಿದ್ದಳು. ಐದು ಮಾರು ಉದ್ದದ ಏರಿ ಈಗ ಪೂರ್ತಿ ಬೋಳಾಗಿತ್ತು. ಮೇಲೆ ಸೆಗಣಿಯಿಂದ ಸಾರಿಸಿಯೂ ಆಗಿತ್ತು. ಮನೆಯ ಅಂಗಳದ ಹಾಗೆ ಹೊಳೆಯುತ್ತಿತ್ತು.

ಪಕ್ಕದ ಐದು ಮಾರು ಗೆಳತಿ ಜೈಬುನ್ನೀಸಾಳ ಮನೆಯದು. ಅಲ್ಲಿ ಬಿಸಿಲಿಗೆ ಹಳದಿಯಾದ ಹುಲ್ಲು ಹಾಗೇ ಬಿದ್ದುಕೊಂಡಿತ್ತು.

“ನಿಮ್ಮ ಪಾಲು ನಿಮ್ಮ ಅಜ್ಜನ ಗಡ್ಡದಂಗ ಆಗ್ಯಾದ,” ಅಂತ ಹಣಮಮ್ಮ ಕಾಡಿಸಿದಳು.

“ಅಜ್ಜನ ಗಡ್ಡ ಮುಟ್ಟಿದ್ರ ಹೊಡೀತಾನ,” ಅಂದಳು ಜೈಬುನ್ನೀಸಾ. ಸಾಲಿಯಲ್ಲಿ ಇದ್ದ ಹುಡುಗಿಯರು ಇವರಿಬ್ಬರೇ. ಅದಕ್ಕೇ ಎಷ್ಟು ಕಾಡಿಸಿಕೊಂಡರೂ ಜಗಳ ಆಗುತ್ತಿರಲಿಲ್ಲ.

ಆಗ ನಿಜಾಮ್ ಸರ್ಕಾರ ಇತ್ತು. ಸೇಡಂ ಕಡೆಯ ಆ ಸಣ್ಣ ಊರಿನ ಕೆರೆ ನೋಡಲು ಸರ್ಕಾರದವರು ಯಾರೂ ಬರುತ್ತಿರಲಿಲ್ಲ. ಬರಲಿ ಅಂತ ಊರವರು ಬಾಯಿ ಬಿಟ್ಟುಕೊಂಡು ಕುಂತೂ ಇರಲಿಲ್ಲ. ಊರಲ್ಲಿ ನಲವತ್ತು ಮನೆ. ಮನೆಗೆ ಐದು ಮಾರು ಏರಿ. ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಅಳೆಯುವುದು ಕೆರೆ ಕಾಯುವ ಗೊಲ್ಲಾಳಪ್ಪನ ಕೈಯಿಂದ. ಊರಲ್ಲಿ ಅವನ ಕೈಯೇ ಎಲ್ಲರಿಗಿಂತ ಉದ್ದ. ಹಾಗಾಗಿ ಯಾರಿಗೂ ಕೆಲಸ ಕಮ್ಮಿ ಆಗುತ್ತಿರಲಿಲ್ಲ.

ಮುಂಗಾರಿನ ಮಿರಗದ ಮಳೆಗೆ ಮೊದಲು ಒಂದು ಸೋಮವಾರ, ಎತ್ತು ಹೂಡದ ದಿನ, ಎಲ್ಲ ಮನೆಯವರೂ ತಮ್ಮ ತಮ್ಮ ಪಾಲಿನ ಮೇಲೆ ನಿಲ್ಲಬೇಕು. ಗೊಲ್ಲಾಳಪ್ಪ ಒಂದು ತುದಿಯಿಂದ ನೋಡುತ್ತ ಬರುತ್ತಾನೆ. ಪಾಲು ಕೆಡಿಸಿಕೊಂಡ ಮನೆಗೆ ಆ ವರ್ಷ ಕೆರೆ ನೀರಿನ ಪಾಳಿ ಇಲ್ಲ. ಪಾಳಿ ಇಲ್ಲ ಅಂದರೆ ಗದ್ದೆಯಲ್ಲಿ ಭತ್ತ ಇಲ್ಲ.

ಹಣಮಮ್ಮನ ಅಪ್ಪ ಶಿವರಾಯ ಶಹಾಬಾದಿನ ಕಲ್ಲಿನ ಗಣಿಗೆ ಹೋಗಿದ್ದ. ಆ ಸೋಮವಾರದೊಳಗೆ ಬರಲಾಗುವುದಿಲ್ಲ ಅಂತ ಹೇಳಿಕಳಿಸಿದ್ದ. ಅವ್ವ ಸುಂದರಬಾಯಿ ಹೆತ್ತು ಒಂಬತ್ತು ದಿನ ಆಗಿತ್ತು. ಏಳುವ ಹಾಗಿರಲಿಲ್ಲ. ಆಗ ಹಣಮಮ್ಮ ತಾನೇ ಮಾಡುತ್ತೇನೆ ಅಂದಿದ್ದಳು. ಅಪ್ಪ ಪ್ರತಿ ವರ್ಷ ಕುರ್ಪಿ ಹಿಡಿದುಕೊಂಡು ಏರಿಗೆ ಹೋಗುವುದನ್ನು ನೋಡಿದ್ದಳು. ಸಾಲಿಯ ಖಾಜಾಮಿಯಾ ಮಾಸ್ತರ ಪ್ರತಿ ಗುರುವಾರ ಅಂಗಳದ ಹುಲ್ಲು ಕೀಳಿಸುತ್ತಿದ್ದರು. ಸಫಾಯಿ ಮಾಡಿದವರಿಗೆ ಶಾಭಾಸ್ ಅನ್ನುತ್ತಿದ್ದರು. ಏರಿಗೂ ಅಷ್ಟೇ ಬೇಕು ಅಂದುಕೊಂಡಳು.

ಸೋಮವಾರ ಬಂತು. ಹಣಮಮ್ಮ ತೊಳೆದ ಲಂಗ ಉಟ್ಟುಕೊಂಡು ತನ್ನ ಪಾಲಿನ ಮೇಲೆ ನಿಂತಳು. ಕಾಲಲ್ಲಿ ಧೂಳು ಇಲ್ಲದ ಹಾಗೆ ಎರಡು ಸಲ ಒರೆಸಿಕೊಂಡಳು.

ಗೊಲ್ಲಾಳಪ್ಪ ಬಂದ. ಬಂದವನು ನಿಂತ. ಅವನ ಹಿಂದೆ ಬರುತ್ತಿದ್ದವರೂ ನಿಂತರು.

“ಯಾರು ಮಾಡಿದ್ರಿದು?”

“ನಾನೇ ಕಾಕಾ. ಒಬ್ಬಾಕೇ ಮಾಡೀನಿ.”

ಯಾರೂ ಶಾಭಾಸ್ ಅನ್ನಲಿಲ್ಲ. ದೊಡ್ಡ ಹೊಲದ ರೇವಣಪ್ಪ ಮಾತ್ರ ನಕ್ಕು, ಇವರ ಮನೆಗೆ ಈ ವರ್ಷದ ಪಾಳಿ ಹೋದಂಗೇ ಅಂದ. ಹತ್ತು ವರ್ಷದ ಹುಡುಗಿ ಮೂರು ದಿನ ಬಿಸಿಲಲ್ಲಿ ಬೆನ್ನು ಬಗ್ಗಿಸಿದ್ದು ಆ ದೊಡ್ಡ ಮನುಷ್ಯನ ಕಣ್ಣಿಗೆ ಬೀಳಲೇ ಇಲ್ಲ.

ಗೊಲ್ಲಾಳಪ್ಪ ಒಂದು ಕೊಡ ನೀರು ತರಿಸಿದ. ಅರ್ಧ ಕೊಡ ಹಣಮಮ್ಮನ ಪಾಲಿನ ಇಳಿಜಾರಿಗೆ ಸುರಿದ. ಸೆಗಣಿ ಹಪ್ಪಳದ ಹಾಗೆ ಎದ್ದಿತು. ಅದರ ಕೆಳಗಿನ ಮಣ್ಣು ಕೆಸರಾಗಿ ಜಾರಿ ಅವಳ ಕಾಲಿನ ತನಕ ಬಂತು. ಉಳಿದ ಅರ್ಧ ಜೈಬುನ್ನೀಸಾಳ ಪಾಲಿಗೆ ಸುರಿದ. ಹುಲ್ಲು ಒಂದಿಷ್ಟು ಬಾಗಿತು. ನೀರು ತಿಳಿಯಾಗಿಯೇ ಕೆಳಗೆ ಇಳಿಯಿತು.

“ನಿಮ್ಮಪ್ಪ ಕುರ್ಪಿ ತರ್ತಿದ್ದದ್ದು ಗಿಡಗಂಟಿ ತೆಗೀಲಿಕ್ಕ, ತಂಗಿ,” ಅಂದ ಗೊಲ್ಲಾಳಪ್ಪ. “ಹುಲ್ಲು ಮ್ಯಾಲ ಒಣಗಿದ್ರೂ ಕೆಳಗ ಜೀವ ಇರ್ತದ. ಅದೇ ಮಣ್ಣು ಹಿಡಕೊಂಡು ಕುಂತಿರ್ತದ.”

ಹಣಮಮ್ಮ ತಲೆ ಎತ್ತಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಮನೆಯಲ್ಲಿ ಮಲಗಿದ್ದ ಅವ್ವ, ಮತ್ತೆ ಒಣಗಿದ ಗದ್ದೆ.

ರೇವಣಪ್ಪ ಮತ್ತೊಮ್ಮೆ ಪಾಳಿಯ ಮಾತು ತೆಗೆದ. ಗೊಲ್ಲಾಳಪ್ಪ ಅವನ ಕಡೆ ತಿರುಗಿದ.

“ಏರಿ ಇಲ್ಲಿ ಒಡೀತಂದ್ರ ನೀರು ಇವರ ಪಾಲಿಂದಷ್ಟೇ ಹೋಗ್ತದೇನು, ರೇವಣಪ್ಪ? ನಿನ್ನ ಪಾಳಿನೂ ಇದರಾಗೇ ಹರದು ಹೋಗ್ತದ.”

ರೇವಣಪ್ಪ ತನ್ನ ಪಾಲಿನ ಕಡೆ ತಿರುಗಿ ನೋಡಿದ.

ಆಮೇಲೆ ಗೊಲ್ಲಾಳಪ್ಪ ಹೇಳಿದ್ದು ಇಷ್ಟು. ಪ್ರತಿ ಮನೆಯವರೂ ತಮ್ಮ ಪಾಲಿನಿಂದ ಒಂದು ಬುಟ್ಟಿ ಹುಲ್ಲು, ಬೇರು ಮಣ್ಣು ಸಮೇತ, ತಂದು ಇಲ್ಲಿ ನೆಡಬೇಕು. ಮಳೆ ಬರುವ ತನಕ ಹಣಮಮ್ಮ ಅದಕ್ಕೆ ನೀರು ಹಾಕಬೇಕು. ಮೊದಲ ದೊಡ್ಡ ಮಳೆಗೆ ಪಾಲು ನಿಂತರೆ ಪಾಳಿ ಉಂಟು. ಜಾರಿದರೆ ಇಲ್ಲ.

ಮಧ್ಯಾಹ್ನದೊಳಗೆ ಮೂವತ್ತೊಂಬತ್ತು ಬುಟ್ಟಿ ಬಂದವು. ಕೆಲವರು ಗೊಣಗುತ್ತ ತಂದರು. ರೇವಣಪ್ಪ ಎಲ್ಲರಿಗಿಂತ ಸಣ್ಣ ಬುಟ್ಟಿ ತಂದ. ಜೈಬುನ್ನೀಸಾ ಬುಟ್ಟಿ ಇಳಿಸಿ, “ತಗೋ, ಅಜ್ಜನ ಗಡ್ಡ,” ಅಂದಳು. ಹಣಮಮ್ಮ ಅಳುತ್ತಲೇ ನಕ್ಕಳು.

ಬೇಸಿಗೆಗೆ ಕೆರೆ ಬತ್ತಿತ್ತು. ಹನ್ನೊಂದು ದಿನ ಅವಳು ಸಾಲಿಗೆ ಮುಂಚೆ ಭಾವಿಯಿಂದ ನೀರು ಹೊತ್ತಳು. ಕೊಡ ಸಣ್ಣದು, ದಾರಿ ಉದ್ದ. ಹೋಗುವಾಗ ಬರುವಾಗ ಏರಿಯ ಮೇಲೆಯೇ ನಡೆಯಬೇಕು. ಯಾರ ಪಾಲಿನಲ್ಲಿ ನೋಡಿದರೂ ಒಂದು ಬುಟ್ಟಿಯಗಲದ ಬೋಳು ಜಾಗ. ಅದರ ಪಕ್ಕ ಕಾಲಿಡುವಾಗ ಅವಳ ನಡಿಗೆ ತಾನಾಗಿಯೇ ಮೆತ್ತಗಾಗುತ್ತಿತ್ತು. ಹೊತ್ತ ನೀರಿನಲ್ಲಿ ಒಂದೊಂದು ಬೊಗಸೆ ಅಲ್ಲಲ್ಲಿ ಚೆಲ್ಲಲೂ ಶುರು ಮಾಡಿದಳು.

ಹನ್ನೆರಡನೆಯ ದಿನ ಮಳೆ ಬಂತು. ಎಂಥ ಮಳೆ ಅಂದರೆ, ಸಾಲಿಯ ಒಳಗೆ ಮಾಸ್ತರರ ಮಾತೇ ಕೇಳಲಿಲ್ಲ. ಹಂಚಿನ ಸಂದಿಯಿಂದ ನೀರು ಸೋರಿ ಪಾಟಿಯ ಮೇಲಿನ ಅಕ್ಷರ ಅಳಿಸಿಹೋದವು. ಮಧ್ಯಾಹ್ನ ಮಳೆ ನಿಂತದ್ದೇ ತಡ, ಊರವರೆಲ್ಲ ಕೆರೆಗೆ ಓಡಿದರು. ಒಬ್ಬೊಬ್ಬರೂ ತಮ್ಮ ತಮ್ಮ ಪಾಲಿನ ಹತ್ತಿರ ನಿಂತು ಬಗ್ಗಿ ನೋಡಿದರು.

ಜೈಬುನ್ನೀಸಾ ಅತ್ತ ಇತ್ತ ಹುಡುಕಿದಳು. ಹಣಮಮ್ಮ ಏರಿಯ ಆ ತುದಿಯಲ್ಲಿ, ಮೊದಲನೆಯ ಮನೆಯ ಪಾಲಿನಲ್ಲಿ ಕುಂತಿದ್ದಳು.

“ಅಲ್ಲೇನು ಮಾಡ್ಲಿಕತ್ತಿ ಹಣಮಿ? ನಿಮ್ಮ ಪಾಲು ನಿಂತದ. ಗೊಲ್ಲಾಳಕಾಕಾ ನೋಡಿ ಹೋದ. ಪಾಳಿ ಅದ ಅಂತ ನಿಮ್ಮವ್ವಗ ಹೇಳಂದಾನ. ಬಾ, ನೋಡು ಬಾ.”

ಹಣಮಮ್ಮ ಉಸಿರು ಬಿಟ್ಟಳು. ಆದರೆ ಏಳಲಿಲ್ಲ. ಅವಳ ಮುಂದಿನ ಬುಟ್ಟಿಯಗಲದ ಬೋಳು ಜಾಗದಲ್ಲಿ ಮಳೆ ಒಂದು ಸಣ್ಣ ಗುಳಿ ಮಾಡಿತ್ತು. ಅದಕ್ಕೆ ಹಸಿ ಮಣ್ಣು ತುಂಬಿ ಅಂಗೈಯಿಂದ ಒತ್ತುತ್ತಿದ್ದಳು.

“ಬರ್ತೀನಿ,” ಅಂದಳು. “ಇಲ್ಲಿಂದ ಒಂದೊಂದೇ ನೋಡಕೋತ ಬರ್ತೀನಿ.”