ಸೀಸೆಯ ತಿಳಿನೀರು

ಕಾನಹೊಸಹಳ್ಳಿ ಬಸ್ ನಿಲ್ದಾಣದ ಎದುರು ಬೆನಕಪ್ಪ ಖಲಂದರನ ಬೈಕು ತಡೆದು, ಚೀಲದಿಂದ ಸೀಸೆ ತೆಗೆದು ಬಿಸಿಲಿಗೆ ಹಿಡಿದ. ನೀರು ತಿಳಿಯಾಗಿತ್ತು. ನಮ್ಮೂರ ಕೆರೆಯೋ, ಹದಿನೈದು ದಿನಗಳಿಂದ ಪಾಚಿ ಎದ್ದು ಹಸಿರು ಬಣ್ಣ ಕಲಸಿದಂತಿತ್ತು.

"ಸಿಕ್ಕಿದ ನೋಡ್ರಿ ಕಳ್ಳ" ಎಂದ.

ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆ ಶಿವಮ್ಮ ಕೆರೆಯ ನೀರು ತುಂಬಿಕೊಡುತ್ತಾಳೆ; ಖಲಂದರ ಅದನ್ನು ಕೂಡ್ಲಿಗಿಯ ಪ್ರಯೋಗಾಲಯಕ್ಕೆ ಮುಟ್ಟಿಸುತ್ತಾನೆ. ಕಳೆದ ವಾರ 'ಈಜಬಹುದು' ಎಂದು ವರದಿ ಬಂತು. ಈಜಿದ ನಾಲ್ಕು ಮಕ್ಕಳಿಗೆ ಮೈತುಂಬ ಗಂದೆ ಎದ್ದವು. ಟೈರಿನ ಟ್ಯೂಬು ಕಟ್ಟಿ ಈಜು ಕಲಿಸುವವನೂ ಖಲಂದರನೇ. ಅದು ನಿಲ್ಲದಿರಲೆಂದು ಅವನೇ ನೀರು ಬದಲಿಸಿದ — ಇದು ಕೆರೆ ಸಮಿತಿಯ ಅಧ್ಯಕ್ಷ ಬೆನಕಪ್ಪನ ವಾದ. ನಿಜವೆಂದಾದರೆ ಖಲಂದರ ಇನ್ನು ಕೆರೆಯತ್ತ ಸುಳಿಯುವಂತಿಲ್ಲ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಪಾಲಾಕ್ಷಪ್ಪನವರನ್ನು ನಾನೇ ಕೆರೆಗೆ ಕರೆತಂದೆ. ಅವರು ಮೊದಲು ಕೇಳಿದ್ದು ಖಲಂದರನನ್ನು:

"ದಾರ್ಯಾಗ ಎಲ್ಲಿ ನಿಂತಿದ್ದೆಪಾ?"

"ಎಲ್ಲೂ ಇಲ್ರಿ. ಚಾ ಸೈತ ಕುಡದಿಲ್ಲ."

"ಇವ ಚಾ ಬಿಟ್ಟಾನಂದ್ರ ಅಲ್ಲೇ ಅನುಮಾನ ಐತಿ" ಎಂದ ಬೆನಕಪ್ಪ. "ಬೋರಿನ ನೀರು ತುಂಬ್ಯಾನ್ರಿ."

ಪಾಲಾಕ್ಷಪ್ಪ ಮೆಟ್ಟಿಲ ಬಳಿ ನಿಂತಿದ್ದ ಶಿವಮ್ಮನತ್ತ ತಿರುಗಿದರು. ಅವರ ಕಣ್ಣು ಅವಳ ಕೈಬಳೆಗಳ ಮೇಲಿತ್ತು.

"ಬಾಟ್ಲಿ ಯಾವ ಕೈಯಾಗ ಹಿಡದಿದ್ದೆವ್ವಾ?"

"ಬಲಗೈಯಾಗ್ರಿ."

"ಇನ್ನೊಂದು ತುಂಬು, ನೋಡೋಣ. ಬೆಳಿಗ್ಗೆ ಹೆಂಗ ತುಂಬಿದಿ, ಹಂಗ."

ಶಿವಮ್ಮ ಮೆಟ್ಟಿಲಿಳಿದಳು. ಗಂಗಮ್ಮನಿಗೆ ಕೈಮುಗಿದಳು. ಎಡಗೈಯನ್ನು ಮೂರು ಸಲ ನೀರ ಮೇಲೆ ಆಡಿಸಿದಳು — ಹಸಿರು ಕೆನೆ ಸರಿಯಿತು — ಸೀಸೆ ಮುಳುಗಿಸಿದಳು.

ಮೇಲೆ ಬಂದದ್ದು ಅದೇ ತಿಳಿನೀರು.

"ಕೈ ಯಾಕ ಆಡಿಸಿದಿ?"

"ಇದೇನ್ ಕೇಳ್ತೀರಿ? ಮ್ಯಾಲಿನ ಕಸ ಸರಿಸದ ಯಾರು ನೀರು ತುಂಬತಾರ್ರಿ? ಕೊಡ ಹೊರೋದು ಕಲಿಸಿದಾಗೇ ನಮ್ಮವ್ವ ಇದನ್ನೂ ಕಲಿಸ್ಯಾಳ."

ಪಾಲಾಕ್ಷಪ್ಪ ನಕ್ಕರು. "ಬಾಟ್ಲಿ ಹಿಡದದ್ದು ಬಲಗೈ. ಪಾಚಿ ಹತ್ತಿದ್ದು ಎಡಗೈ ಬಳೆಗೆ. ಬೆಳಿಗ್ಗೆಯಿಂದ ಎಲ್ಲರ ಕಣ್ಣಮುಂದ ಐತಿ, ಯಾರೂ ನೋಡಲಿಲ್ಲ. ಮೈ ಕೆಡಿಸೋ ಪಾಚಿ ದಟ್ಟ ಇರೋದು ಆ ಕೆನಿಯಾಗ. ಅದನ್ನೇ ಸರಿಸಿ ಕಳಿಸ್ಯಾಳ. ಖಲಂದರ ಏನೂ ಮಾಡಿಲ್ಲ ಬೆನಕಪ್ಪ. ಶಿವಮ್ಮನ ಕೈಯ ರೂಢಿ ಮಾಡೈತಿ."

ಶಿವಮ್ಮನ ಕಣ್ಣು ತುಂಬಿತು. "ಕೂಸುಗಳಿಗೆ ನನ್ನಿಂದ ಆತೇನ್ರಿ?"

"ಕುಡಿಯೋ ನೀರಿಗೆ ಅದು ಧರ್ಮ, ತಾಯಿ. ಪರೀಕ್ಷೆಗೆ ಮಾತ್ರ ಕೆನಿ ಸಮೇತ ತುಂಬು."

ಹಾಗೆ ತುಂಬಿದ ಸೀಸೆಯನ್ನು ಮತ್ತೆ ಖಲಂದರನೇ ಒಯ್ದ. ಸಂಜೆಗೆ ಆದೇಶ ಬಂತು: ಯಾರೂ ನೀರಿಗಿಳಿಯಬಾರದು. ಎಚ್ಚರಿಕೆಯ ಫಲಕ ನೆಡಲು ಬೆನಕಪ್ಪ ತಾನೇ ಗುಂಡಿ ತೋಡಿದ.

"ನಿನ್ನ ಈಜು ಬಂದ್ ಆತಲ್ಲೋ" ಎಂದ, ತಲೆಯೆತ್ತದೆ.

"ನೀರು ಬಂದ್ ಆತು. ಈಜು ಯಾಕ ಬಂದ್ ಮಾಡ್ಲಿ? ನೀವೂ ಬರ್ರಿ."

ಮರುದಿನ ಬೆಳಿಗ್ಗೆ ಏರಿಯ ಮೇಲೆ ಹನ್ನೊಂದು ಮಕ್ಕಳು ಟ್ಯೂಬುಗಳ ಮೇಲೆ ಬೋರಲು ಮಲಗಿ ಗಾಳಿಯಲ್ಲಿ ಕಾಲು ಬಡಿಯುತ್ತಿದ್ದರು. ಹನ್ನೆರಡನೆಯವನು ಬೆನಕಪ್ಪ.